ತಗ್ಗಿಸಿದ ಕಾರಿಗೆ ಮೊದಲು ಬೇಕಾದುದು ಗಟ್ಟಿ ತಳ

ಅಮೆರಿಕದ ಊರುಗಳಲ್ಲಿ ಶನಿವಾರದ ಬೆಳಿಗ್ಗೆ ಮನೆಯ ಗ್ಯಾರೇಜಿನ ಕದ ಮೇಲಕ್ಕೆ ಸರಿದು, ಒಳಗೆ ಹಳೆಯ ಫೋರ್ಡ್ ಮಸ್ಟಾಂಗ್ ಕಾರೊಂದರ ಸುತ್ತ ತಂದೆ ಮಕ್ಕಳೋ ಗೆಳೆಯರೋ ಸ್ಪ್ಯಾನರು ಹಿಡಿದು ನಿಂತಿರುವುದು ಬಹುಕಾಲದಿಂದ ಪರಿಚಿತವಾದ ನೋಟ. ಮುಂಭಾಗದ ಒಂದು ಮೂಲೆಗೆ ಜಾಕ್ ಕೊಟ್ಟು ಮೆಲ್ಲಮೆಲ್ಲನೆ ಎತ್ತುತ್ತ, ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ ನೋಡಿದವನಿಗೆ ಅನೇಕ ಹಳೆಯ ಕಾರುಗಳಲ್ಲಿ ಒಂದು ವಿಚಿತ್ರ ಸಂಗತಿ ಅನುಭವಕ್ಕೆ ಬರುತ್ತದೆ. ಕ್ಷಣದ ಹಿಂದೆ ಮೆಲ್ಲನೆ ತಳ್ಳಿದರೆ ಮುಚ್ಚಿಕೊಳ್ಳುತ್ತಿದ್ದ ಬಾಗಿಲು ಈಗ ಚಿಲಕದ ಬಳಿ ತಗುಲಿ ನಿಲ್ಲುತ್ತದೆ. ಬಾಗಿಲಿಗೂ ಹಿಂಬದಿಯ ತಗಡಿಗೂ ನಡುವೆ ಸಮವಾಗಿದ್ದ ಸಂದು ಒಂದು ತುದಿಯಲ್ಲಿ ಕಿರಿದಾಗಿ ಇನ್ನೊಂದು ತುದಿಯಲ್ಲಿ ಅಗಲವಾಗಿರುತ್ತದೆ. ಬಾಗಿಲಿಗೆ ಏನೂ ಆಗಿಲ್ಲ. ಅದನ್ನು ಹೊತ್ತ ಕಾರಿನ ಮೈಯೇ ತಿರುಚಿಕೊಂಡಿದೆ.

ನಿಂತ ಕಾರಿನಲ್ಲಿ ಜಾಕ್ ಮಾಡಿದ ಈ ಕೆಲಸವನ್ನೇ ಓಡುವ ಕಾರಿನಲ್ಲಿ ರಸ್ತೆಯ ಪ್ರತಿಯೊಂದು ಗುಂಡಿಯೂ ಪ್ರತಿಯೊಂದು ತಿರುವೂ ಮಾಡುತ್ತವೆ. ಇದಕ್ಕೆ ಪರಿಹಾರವೆಂದು ಕಾರುಪ್ರಿಯರು ಕಂಡುಕೊಂಡಿರುವ ಸಾಧನವೇ ಸಬ್‌ಫ್ರೇಮ್ ಕನೆಕ್ಟರ್: ಕಾರಿನ ತಳದಲ್ಲಿ ಮುಂಭಾಗದ ಉಕ್ಕಿನ ತೊಲೆಗಳನ್ನು ಹಿಂಭಾಗದ ತೊಲೆಗಳಿಗೆ ಕೂಡಿಸುವ, ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಕೊಳವೆ. ನೋಡಲು ಇಷ್ಟು ಸರಳವಾದ ಈ ವಸ್ತುವನ್ನು ಆರಿಸುವುದು ಮಾತ್ರ ಅಷ್ಟು ಸರಳವಲ್ಲ. ಅದರಲ್ಲಿಯೂ, ಸ್ಪ್ರಿಂಗ್ ಬದಲಿಸಿ ನೆಲಕ್ಕೆ ತಗ್ಗಿಸಿದ ಕಾರಿಗೆ ಇದನ್ನು ಆರಿಸುವಾಗ ವಿವೇಕವು ಇನ್ನಷ್ಟು ಬೇಕಾಗುತ್ತದೆ.

ಚೌಕಟ್ಟು ಹೋಗಿ ಕವಚ ಬಂದುದು

ಮೋಟಾರು ವಾಹನದ ಆದಿಕಾಲದಲ್ಲಿ ಕಾರೆಂದರೆ ಎರಡು ಬೇರೆ ಬೇರೆ ಅಂಗಗಳ ಕೂಟವಾಗಿದ್ದಿತು. ಕೆಳಗೆ ಏಣಿಯಾಕಾರದ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟುಗಳಿಂದ ಬಿಗಿದ ಮೈ. ಇಂದಿಗೂ ಲಾರಿಗಳನ್ನು ಈ ಕ್ರಮದಲ್ಲಿಯೇ ಕಟ್ಟುತ್ತಾರೆ. ಇಟಲಿಯ ಲ್ಯಾನ್ಸಿಯಾ ಲ್ಯಾಂಬ್ಡಾ 1922ರಲ್ಲಿಯೂ, ಫ್ರಾನ್ಸಿನ ಸಿಟ್ರೊಯೆನ್ ಟ್ರಾಕ್ಸಿಯೋಂ ಆವಾಂ 1934ರಲ್ಲಿಯೂ ತೋರಿಸಿಕೊಟ್ಟ ಹೊಸ ಮಾರ್ಗದಲ್ಲಿ, ಪ್ರತ್ಯೇಕವಾದ ಚಾಸಿಯೇ ಇಲ್ಲದೆ, ತಗಡುಗಳನ್ನು ಮಡಿಸಿ ಬೆಸೆದು ಮಾಡಿದ ಕವಚವೇ ಭಾರವನ್ನೆಲ್ಲ ಹೊರುವ ಶರೀರವಾಯಿತು. ಇದರಿಂದ ತೂಕ ಇಳಿಯಿತು, ಕಾರಿನೊಳಗಿನ ನೆಲ ತಗ್ಗಿತು, ಸಾವಿರಾರು ಸಂಖ್ಯೆಯಲ್ಲಿ ತಯಾರಿಸುವಾಗ ವೆಚ್ಚವೂ ಕಡಿಮೆಯಾಯಿತು.

ಆದರೆ ಎಂಜಿನ್ನಿನ ಭಾರವನ್ನೂ ಚಕ್ರಗಳ ಹೊಡೆತವನ್ನೂ ತೆಳುವಾದ ತಗಡೊಂದೇ ತಾಳಲಾರದು. ಆದಕಾರಣ ಮುಂದೆ ಎಂಜಿನ್ನಿನ ಕೆಳಗೊಂದು ಜೊತೆ, ಹಿಂದೆ ಹಿಂಚಕ್ರಗಳ ಬಳಿಯಲ್ಲೊಂದು ಜೊತೆ, ಹೀಗೆ ದಪ್ಪ ತಗಡಿನ ತೊಲೆಗಳನ್ನು ಕವಚಕ್ಕೆ ಸೇರಿಸುವ ಪದ್ಧತಿ ಬೆಳೆಯಿತು. ಇವೇ ಮುಂದಿನ ಮತ್ತು ಹಿಂದಿನ ಸಬ್‌ಫ್ರೇಮುಗಳು. ಇವೆರಡರ ನಡುವೆ, ಪ್ರಯಾಣಿಕರು ಕಾಲೂರುವ ಎಡೆಯಲ್ಲಿ, ಇರುವುದು ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಹೊಸ್ತಿಲು, ಗೇರ್‌ಬಾಕ್ಸಿಗೆ ಎಡೆಮಾಡಿಕೊಟ್ಟ ಸುರಂಗ, ಇವಿಷ್ಟೇ.

ಫಾಕ್ಸ್ ಮಸ್ಟಾಂಗಿನ ನಡುವಿನ ತೆರಪು

ಈ ರಚನೆಯ ಗುಣವನ್ನೂ ದೋಷವನ್ನೂ ತಿಳಿಯಲು ಅತ್ಯುತ್ತಮವಾದ ನಿದರ್ಶನವೆಂದರೆ 1979ರಿಂದ 1993ರವರೆಗೆ ತಯಾರಾದ ಮಸ್ಟಾಂಗ್. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಲೋಕಕ್ಕೆ ಪರಿಚಯವಾದ ಮೊದಲ ಮಸ್ಟಾಂಗ್, ಫಾಲ್ಕನ್ ಎಂಬ ಸಾಧಾರಣ ಸಂಸಾರಿಗರ ಕಾರಿನ ಅಂಗಾಂಗಗಳನ್ನೇ ಆಧರಿಸಿದ್ದಂತೆ, 1979ರ ಮಸ್ಟಾಂಗ್ ಕೂಡ ಫೇರ್‌ಮಾಂಟ್ ಎಂಬ ಮತ್ತೊಂದು ಗೃಹಸ್ಥರ ಕಾರಿನೊಡನೆ ಒಂದೇ ತಳಹದಿಯನ್ನು ಹಂಚಿಕೊಂಡಿತು. ಆ ತಳಹದಿಗೆ ಕಂಪನಿಯೊಳಗಿದ್ದ ಹೆಸರು ಫಾಕ್ಸ್. ಹಗುರವೂ ಮಿತವ್ಯಯಿಯೂ ಆಗಿರಬೇಕೆಂಬುದು ಅದರ ವಿನ್ಯಾಸಕಾರರ ಉದ್ದೇಶವಾಗಿದ್ದಿತೇ ಹೊರತು, ಉಗ್ರವಾದ ಬಲವನ್ನು ತಾಳಬೇಕೆಂಬುದಲ್ಲ.

ಕಾಲಕ್ರಮದಲ್ಲಿ ಅದೇ ಮೈಗೆ ಐದು ಲೀಟರಿನ ವಿ-8 ಎಂಜಿನ್ ಬಂದು, 1987ರ ಹೊತ್ತಿಗೆ ಅದರ ಶಕ್ತಿ 225 ಅಶ್ವಶಕ್ತಿಗೆ ಏರಿತು. ಹಿಂಬದಿಯಲ್ಲಿ ಎತ್ತಿ ತೆರೆಯುವ ಅಗಲವಾದ ಹ್ಯಾಚ್ ಬಾಗಿಲು, ಕೆಲವಕ್ಕೆ ಕಳಚಿಡಬಹುದಾದ ಚಾವಣಿಯ ಗಾಜುಗಳು, 1983ರಿಂದ ಪುನಃ ತೆರೆದ ಚಾವಣಿಯ ಮಾದರಿ, ಹೀಗೆ ಕವಚದಲ್ಲಿ ತೆರಪುಗಳು ಹೆಚ್ಚಿದಂತೆಲ್ಲ ಅದರ ದಾರ್ಢ್ಯ ಕುಗ್ಗಿತು. ಮುಂದಿನ ತೊಲೆಗಳು ಮುಂಸೀಟಿನ ಅಡಿಯವರೆಗೆ ಬಂದು ಮುಗಿಯುತ್ತವೆ. ಹಿಂದಿನ ತೊಲೆಗಳು ಹಿಂಚಕ್ರಗಳಿಗೆ ತುಸು ಮುಂದೆ ಆರಂಭವಾಗುತ್ತವೆ. ನಡುವಣ ಅಂತರದಲ್ಲಿ ಅವಕ್ಕೆ ಪರಸ್ಪರ ಕೈಹಿಡಿಯುವವರಿಲ್ಲ. ಇದೇ ತಳಹದಿ ಸುಧಾರಿತ ರೂಪದಲ್ಲಿ 2004ರವರೆಗೂ ಮುಂದುವರಿದು, 2005ರಲ್ಲಿ ಸಂಪೂರ್ಣವಾಗಿ ಹೊಸದಾದ ತಳಹದಿಗೆ ಎಡೆಕೊಟ್ಟಿತು. ಭಾರತದ ಮಾರುಕಟ್ಟೆಗೆ 2016ರಲ್ಲಿ ಬಂದ ಮಸ್ಟಾಂಗ್ ಬಹಳ ಈಚಿನ ಪೀಳಿಗೆಯದು. ಇಲ್ಲಿ ಹೇಳುತ್ತಿರುವುದು ಅದರ ಮಾತಲ್ಲ.

ತಗ್ಗಿಸಿದಾಗ ಹೆಚ್ಚುವ ಹೊರೆ

ಕಾರನ್ನು ತಗ್ಗಿಸುವುದು ಚೆಲುವಿಗಾಗಿ ಮಾತ್ರವಲ್ಲ. ಭಾರಕೇಂದ್ರವು ಕೆಳಗಿಳಿದಷ್ಟೂ ತಿರುವಿನಲ್ಲಿ ಹೊರಬದಿಯ ಚಕ್ರಗಳ ಮೇಲೆ ಬೀಳುವ ಹೊರೆ ಕಡಿಮೆಯಾಗಿ, ನಾಲ್ಕು ಟೈರುಗಳೂ ರಸ್ತೆಯನ್ನು ಹೆಚ್ಚು ಸಮನಾಗಿ ಹಿಡಿಯುತ್ತವೆ. ಆದರೆ ಮೈ ನೆಲಕ್ಕೆ ಸಮೀಪಿಸಿದಾಗ ಚಕ್ರವು ಮೇಲಕ್ಕೆ ಚಲಿಸಲು ಉಳಿಯುವ ಅವಕಾಶ ಕಿರಿದಾಗುತ್ತದೆ. ಆ ಕಿರಿದಾದ ಅವಕಾಶದೊಳಗೇ ಹೊಡೆತವನ್ನು ಅರಗಿಸಿಕೊಳ್ಳಬೇಕಾದರೆ ಸ್ಪ್ರಿಂಗುಗಳು ಮೊದಲಿಗಿಂತ ಗಡುಸಾಗಿರಲೇಬೇಕು. ಮೆದುವಾದ ಸ್ಪ್ರಿಂಗ್ ತಾನೇ ನುಂಗಿಬಿಡುತ್ತಿದ್ದ ಹೊಡೆತವನ್ನು ಗಡುಸು ಸ್ಪ್ರಿಂಗ್ ಹೆಚ್ಚಿನ ಪಾಲು ಕಾರಿನ ಮೈಗೆ ದಾಟಿಸುತ್ತದೆ.

ಆಗ ಮೈ ತಿರುಚಿಕೊಳ್ಳತೊಡಗಿದರೆ, ಅದೇ ಐದನೆಯ ಸ್ಪ್ರಿಂಗಿನಂತೆ ವರ್ತಿಸುತ್ತದೆ. ನಾಲ್ಕು ಚಕ್ರಗಳ ಸ್ಪ್ರಿಂಗುಗಳಿಗೆ ಅವುಗಳ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರುಗಳುಂಟು. ಈ ಐದನೆಯದಕ್ಕೆ ಅಂತಹ ಯಾವ ಕಡಿವಾಣವೂ ಇಲ್ಲ. ಮುಂದಿನ ಚಕ್ರಗಳ ಹಿಡಿತಕ್ಕೂ ಹಿಂದಿನವುಗಳ ಹಿಡಿತಕ್ಕೂ ಸಮತೋಲ ತರಲೆಂದು ಚಾಲಕನು ಆ್ಯಂಟಿ-ರೋಲ್ ಬಾರನ್ನು ಬದಲಿಸುತ್ತಾನೆ, ಶಾಕುಗಳನ್ನು ಬಿಗಿಗೊಳಿಸುತ್ತಾನೆ. ಆದರೆ ಮುಂದಕ್ಕೂ ಹಿಂದಕ್ಕೂ ನಡುವೆ ಇರುವ ಮೈಯೇ ತಿರುಚಿಕೊಂಡು ಆ ಬದಲಾವಣೆಯ ಫಲವನ್ನು ನುಂಗುತ್ತಿರುವುದರಿಂದ, ಅವನ ಪ್ರಯತ್ನಕ್ಕೆ ತಕ್ಕ ಉತ್ತರ ಸ್ಟಿಯರಿಂಗಿಗೆ ಬಂದು ಮುಟ್ಟುವುದಿಲ್ಲ. ವರ್ಷಗಳು ಉರುಳಿದಂತೆ ಕಾರಿನೊಳಗೆ ಕಿರುಗುಟ್ಟುವಿಕೆ ಹೆಚ್ಚಿ, ಸ್ಪಾಟ್ ವೆಲ್ಡಿಂಗ್ ಮಾಡಿದ ಬಿಂದುಗಳು ಸಡಿಲಿ, ತಗಡಿನಲ್ಲಿ ಬಿರುಕುಗಳು ಕಾಣಿಸಿಕೊಳ್ಳುವುದೂ ಉಂಟು. ಆದುದರಿಂದ ತಗ್ಗಿಸಿದ ಕಾರಿಗೆ ಕನೆಕ್ಟರ್ ಅಲಂಕಾರವಲ್ಲ, ಅವಶ್ಯಕತೆ.

ಬೋಲ್ಟೋ ಬೆಸುಗೆಯೋ

ಮಾರುಕಟ್ಟೆಯಲ್ಲಿ ದೊರೆಯುವ ಕನೆಕ್ಟರುಗಳನ್ನು ಮುಖ್ಯವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಬೋಲ್ಟಿನಿಂದ ಬಿಗಿಯುವುದು. ಬೆಸುಗೆಯ ಯಂತ್ರವಿಲ್ಲದವನೂ ಮನೆಯಲ್ಲೇ ಕೂಡಿಸಬಹುದು, ಬೇಡವೆನಿಸಿದರೆ ಕಳಚಬಹುದು ಎಂಬುದು ಅದರ ಅನುಕೂಲ. ಆದರೆ ತೆಳು ತಗಡಿನಲ್ಲಿ ಕೊರೆದ ರಂಧ್ರವು ತಿರುಚಿನ ಹೊಯ್ದಾಟಕ್ಕೆ ಸಿಕ್ಕಿ ಕಾಲಕ್ರಮದಲ್ಲಿ ಅಂಡಾಕಾರಕ್ಕೆ ಹಿಗ್ಗಿದರೆ, ಬೋಲ್ಟು ಎಷ್ಟು ಬಿಗಿಯಾಗಿದ್ದರೂ ಕೂಡಿಕೆ ಜಾರುತ್ತದೆ. ಜಾರುವ ಕೂಡಿಕೆಯಿಂದ ದಾರ್ಢ್ಯವನ್ನು ನಿರೀಕ್ಷಿಸಲಾಗದು.

ಎರಡನೆಯದು ಮುಂದಿನ ತೊಲೆಯ ಕೊನೆಯಿಂದ ಹಿಂದಿನ ತೊಲೆಯ ಮೊದಲಿನವರೆಗೆ ಮಾತ್ರ ಹಾಯುವ, ಎರಡು ತುದಿಗಳಲ್ಲಿ ಬೆಸೆದ ಕೊಳವೆ. ಮೂರನೆಯದು ಪೂರ್ಣೋದ್ದದ ಕನೆಕ್ಟರ್. ಅದು ಮುಂದಿನ ತೊಲೆಯ ಪಕ್ಕದಲ್ಲಿಯೇ ಬಹುದೂರ ಸಾಗಿ ಅದಕ್ಕೆ ಉದ್ದಕ್ಕೂ ಬೆಸೆದುಕೊಳ್ಳುವುದಲ್ಲದೆ, ನಡುವೆ ಸೀಟಿನ ಬೋಲ್ಟುಗಳಿರುವ ಎಡೆಯಲ್ಲಿ ನೆಲಕ್ಕೂ ಕಟ್ಟಿಕೊಳ್ಳುತ್ತದೆ. ಚಾಲಕನ ಭಾರವನ್ನು ಹೊತ್ತ ತೆಳು ನೆಲಕ್ಕೆ ಇದರಿಂದ ಆಸರೆ ದೊರೆಯುತ್ತದೆ. ಇವುಗಳಲ್ಲದೆ, ನೆಲವನ್ನೇ ಸೀಳಿ ಕೊಳವೆಯನ್ನು ಅರ್ಧಭಾಗ ಕಾರಿನೊಳಗೆ ಹುದುಗಿಸುವ ಕ್ರಮವೂ ಉಂಟು. ಮುಂದಿನ ಸಬ್‌ಫ್ರೇಮನ್ನು ರಬ್ಬರಿನ ತುಂಡುಗಳ ಮೂಲಕ ಮೈಗೆ ಬಿಗಿದಿರುವ 1967ರಿಂದ 1969ರವರೆಗಿನ ಷೆವರ್ಲೆ ಕ್ಯಾಮರೋದಂತಹ ಕಾರುಗಳಲ್ಲಿ ಈ ಕ್ರಮ ಕಾಣಬರುತ್ತದೆ. ನೆಲದ ಕೆಳಗೆ ಇಂಚೂ ಇಳಿಯದಿರುವುದು ಅದರ ಗುಣ. ಕತ್ತರಿಸಿದ ನೆಲವನ್ನು ನೀರು ನುಗ್ಗದಂತೆ ಮುಚ್ಚಬೇಕಾದ ಪರಿಶ್ರಮ ಅದರ ಬೆಲೆ.

ಎತ್ತರವೋ ದಪ್ಪವೋ

ಕೊಂಡುಕೊಳ್ಳುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಕೊಳವೆಯ ಉಕ್ಕು ಎಷ್ಟು ದಪ್ಪ ಎಂಬುದು. ಕೇಳಬೇಕಾದುದು ಬೇರೆ: ಕೊಳವೆ ಎಷ್ಟು ಎತ್ತರ, ಅದು ಎಲ್ಲೆಲ್ಲಿ ಮೈಗೆ ಅಂಟಿಕೊಳ್ಳುತ್ತದೆ? ಕಾರಿನ ಮೈ ತಿರುಚಿಕೊಂಡಾಗ ಒಂದು ಬದಿಯ ಕನೆಕ್ಟರ್ ಮೇಲ್ಮುಖವಾಗಿಯೂ ಇನ್ನೊಂದು ಬದಿಯದು ಕೆಳಮುಖವಾಗಿಯೂ ಬಾಗಬೇಕಾಗುತ್ತದೆ; ಹೀಗೆ ಬಾಗುವುದನ್ನು ತಡೆಯುವ ಶಕ್ತಿ ಉಕ್ಕಿನ ದಪ್ಪಕ್ಕಿಂತ ಕೊಳವೆಯ ಎತ್ತರವನ್ನು ಬಹಳ ಹೆಚ್ಚಾಗಿ ಅವಲಂಬಿಸುತ್ತದೆ.

ಲೆಕ್ಕವನ್ನೇ ನೋಡಬಹುದು. 50 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ, 2 ಮಿಲಿಮೀಟರ್ ದಪ್ಪದ ಚೌಕ ಕೊಳವೆಯು ಮೀಟರಿಗೆ ಸುಮಾರು 3 ಕಿಲೋ ತೂಗುತ್ತದೆ. ಅಗಲವನ್ನೂ ದಪ್ಪವನ್ನೂ ಹಾಗೆಯೇ ಇಟ್ಟು ಎತ್ತರವನ್ನು ಮಾತ್ರ 25 ಮಿಲಿಮೀಟರಿಗೆ ಇಳಿಸಿದರೆ, ಬಾಗುವುದನ್ನು ತಡೆಯುವ ಅದರ ಸಾಮರ್ಥ್ಯ ಐದನೆಯ ಒಂದು ಪಾಲಿಗೆ ಕುಸಿಯುತ್ತದೆ. ಈ ನಷ್ಟವನ್ನು ತುಂಬಲೆಂದು ದಪ್ಪವನ್ನು 3 ಮಿಲಿಮೀಟರಿಗೆ ಏರಿಸಿದರೂ ಸಾಮರ್ಥ್ಯವು ಮೂಲದ ಕಾಲುಭಾಗವನ್ನು ತುಸು ದಾಟುತ್ತದೆ, ಅಷ್ಟೇ. ತೂಕವಾದರೋ ಎತ್ತರದ ಕೊಳವೆಗಿಂತಲೂ ಹೆಚ್ಚಾಗಿರುತ್ತದೆ.

ಹಾಗಾದರೆ ಎತ್ತರದ ಕೊಳವೆಗೆ ಅವಕಾಶವೇ ಇಲ್ಲದ ತಗ್ಗು ಕಾರಿಗೆ ಗತಿಯೇನು? ಉಪಾಯವಿರುವುದು ನೆಲಕ್ಕೆ ಬೆಸೆಯುವುದರಲ್ಲಿ. ಗಿಡ್ಡ ಕೊಳವೆಯನ್ನು ನೆಲದ ತಗಡಿಗೆ ಉದ್ದಕ್ಕೂ ಅಲ್ಲಲ್ಲಿ ಬೆಸೆದಾಗ, ಕೊಳವೆಯೂ ತಗಡೂ ಬೇರೆ ಬೇರೆಯಾಗಿ ಬಾಗಲಾರದೆ ಒಂದೇ ತೊಲೆಯಂತೆ ವರ್ತಿಸಿ, ಕಳೆದುಕೊಂಡ ದಾರ್ಢ್ಯದ ಒಂದು ಪಾಲು ಮರಳಿ ಬರುತ್ತದೆ. ಎರಡು ತುದಿಗಳಲ್ಲಿ ಮಾತ್ರ ಹಿಡಿದು ನಡುವೆ ನೇತಾಡುವ ಕೊಳವೆಗೆ ಈ ಲಾಭವಿಲ್ಲ.

ಕೆಲವು ಕನೆಕ್ಟರುಗಳು ನಾಲ್ಕೂ ಬದಿ ಮುಚ್ಚಿದ ಕೊಳವೆಗಳಾಗಿರದೆ, ಮೂರೇ ಬದಿಯ ಚಾನಲ್ಲುಗಳಾಗಿರುತ್ತವೆ. ಇಡಿಯ ಬಿದಿರನ್ನು ಎರಡು ಕೈಯಲ್ಲಿ ಹಿಡಿದು ತಿರುಚಲು ಯತ್ನಿಸಿ, ಅನಂತರ ಉದ್ದಕ್ಕೆ ಸೀಳು ಬಿಟ್ಟ ಬಿದಿರನ್ನು ತಿರುಚಿ ನೋಡಿದವರಿಗೆ ಇವೆರಡರ ಅಂತರವನ್ನು ಬೇರೆ ವಿವರಿಸಬೇಕಾಗಿಲ್ಲ. ಮೇಲೆ ಹೇಳಿದ 50 ಮಿಲಿಮೀಟರಿನ ಚೌಕ ಕೊಳವೆಗೆ ಉದ್ದಕ್ಕೂ ಒಂದು ಸೀಳು ಕೊಟ್ಟರೆ, ತಿರುಚನ್ನು ತಡೆಯುವ ಅದರ ಸಾಮರ್ಥ್ಯ 400ಕ್ಕೂ ಹೆಚ್ಚು ಪಟ್ಟು ಇಳಿಯುತ್ತದೆ. ಆದರೆ ಅದೇ ಚಾನಲ್ಲನ್ನು ಬಾಯಿ ಮೇಲಾಗಿಟ್ಟು ನೆಲದ ತಗಡಿಗೆ ಎರಡೂ ಅಂಚುಗಳಲ್ಲಿ ಬೆಸೆದರೆ, ತಗಡೇ ನಾಲ್ಕನೆಯ ಬದಿಯಾಗಿ ಅದು ಮುಚ್ಚಿದ ಪೆಟ್ಟಿಗೆಯಾಗುತ್ತದೆ. ಹೀಗೆ ವಸ್ತುವಿನ ಯೋಗ್ಯತೆ ಅದರ ಆಕಾರದಲ್ಲಿರುವಷ್ಟೇ ಅದನ್ನು ಕೂಡಿಸುವ ಕ್ರಮದಲ್ಲಿಯೂ ಇದೆ.

ನೆಲಕ್ಕೂ ಕೊಳವೆಗೂ ನಡುವೆ

ಕನೆಕ್ಟರುಗಳು ಇರುವುದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ. ಉಬ್ಬನ್ನು ದಾಟುವಾಗ ನೆಲಕ್ಕೆ ಅತಿ ಸಮೀಪಕ್ಕೆ ಬರುವ ಭಾಗವೂ ಅದೇ. ಫಾಕ್ಸ್ ಮಸ್ಟಾಂಗಿನ ಎರಡು ಅಚ್ಚುಗಳ ನಡುವಿನ ಅಂತರ ಸುಮಾರು 2,553 ಮಿಲಿಮೀಟರ್. ಅದರ ನಡುಭಾಗವು ನೆಲದಿಂದ 150 ಮಿಲಿಮೀಟರ್ ಎತ್ತರದಲ್ಲಿದ್ದರೆ, ದಿಣ್ಣೆಯೊಂದರ ನೆತ್ತಿಯಲ್ಲಿ ಏರು ಇಳಿಜಾರುಗಳ ನಡುವೆ ಸುಮಾರು 13 ಡಿಗ್ರಿಗಳ ಮುರಿವನ್ನು ಅದು ತಾಗದೆ ದಾಟಬಲ್ಲುದು. ಸ್ಪ್ರಿಂಗ್ ತಗ್ಗಿಸಿ ಕನೆಕ್ಟರನ್ನೂ ಇಳಿಬಿಟ್ಟು ಆ ಅಂತರ 100 ಮಿಲಿಮೀಟರಿಗೆ ಬಂದರೆ, ಮಿತಿಯು 9 ಡಿಗ್ರಿಗೆ ಇಳಿಯುತ್ತದೆ. ಮನೆಯಂಗಳದ ಇಳಿಜಾರೊಂದೇ ಸಾಕು, ಕೊಳವೆ ಕಾಂಕ್ರೀಟನ್ನು ಉಜ್ಜಲು.

ಆದುದರಿಂದ ಅಳತೆ ಹಿಡಿಯುವಾಗ ಕೊಳವೆಯ ಎತ್ತರವನ್ನು ಮಾತ್ರ ನೋಡದೆ, ಕೂಡಿಸಿದ ಮೇಲೆ ಅದು ಬಾಗಿಲ ಹೊಸ್ತಿಲಿನ ಕೆಳ ಅಂಚಿಗಿಂತಲೂ ಸೈಲೆನ್ಸರ್ ಪೈಪಿಗಿಂತಲೂ ಕೆಳಗಿಳಿಯುವುದೋ ಇಲ್ಲವೋ ಎಂಬುದನ್ನು ನೋಡಬೇಕು. ಈಗಿರುವ ಅತ್ಯಂತ ತಗ್ಗಾದ ಭಾಗಕ್ಕಿಂತ ಮೇಲೆಯೇ ನಿಲ್ಲುವ ಕನೆಕ್ಟರ್, ತಗ್ಗಿಸಿದ ಕಾರಿಗೆ ಯೋಗ್ಯವಾದುದು.

ಬೆಸುಗೆಯ ಹೊತ್ತಿನ ಎಚ್ಚರ

ಉತ್ತಮವಾದ ಕನೆಕ್ಟರನ್ನು ಕೆಟ್ಟ ಭಂಗಿಯಲ್ಲಿ ಬೆಸೆದರೆ ಅದು ಶಾಶ್ವತವಾದ ದೋಷವಾಗಿ ಉಳಿಯುತ್ತದೆ. ಎರಡು ಕಂಬಗಳ ಲಿಫ್ಟಿನ ಮೇಲೆ ಕಾರನ್ನು ಎತ್ತಿ ಚಕ್ರಗಳನ್ನು ತೂಗಬಿಟ್ಟಾಗ, ಮೂತಿಯೂ ಬಾಲವೂ ತಮ್ಮ ಭಾರಕ್ಕೆ ಜಗ್ಗುತ್ತವೆ. ಆ ಸ್ಥಿತಿಯಲ್ಲಿ ಬೆಸೆದ ಕೊಳವೆ ಆ ಜಗ್ಗನ್ನೇ ಸ್ಥಿರಗೊಳಿಸುತ್ತದೆ. ಕಾರಿನ ಭಾರವು ಚಕ್ರಗಳ ಮೇಲೆಯೇ ಇರುವಂತೆ, ಸಮತಟ್ಟಾದ ರ‍್ಯಾಂಪಿನ ಮೇಲೆ ನಿಲ್ಲಿಸಿ, ಬಾಗಿಲ ಸಂದುಗಳು ಸಮವಾಗಿವೆಯೆಂದು ನೋಡಿಕೊಂಡ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು.

ಬೆಸೆಯುವ ಎಡೆಯಲ್ಲಿ ಬಣ್ಣವನ್ನೂ ತಳಕ್ಕೆ ಬಳಿದ ಟಾರಿನಂತಹ ಲೇಪವನ್ನೂ ಹೊಳೆಯುವ ಉಕ್ಕು ಕಾಣುವವರೆಗೆ ಉಜ್ಜಿ ತೆಗೆಯಬೇಕು. ಸತುವಿನ ಲೇಪವಿರುವ ತಗಡಿನ ಹೊಗೆ ಶ್ವಾಸಕ್ಕೆ ಹಾನಿಕರವಾದುದರಿಂದ ಗಾಳಿಯಾಡುವ ಸ್ಥಳ ಬೇಕು. ಸೀಟುಗಳನ್ನು ಬಿಚ್ಚಿ ಕಾರ್ಪೆಟ್ಟನ್ನು ಹಿಂದಕ್ಕೆ ಮಡಿಸಿ, ಬ್ಯಾಟರಿಯ ತಂತಿಗಳನ್ನು ಕಳಚಿ, ಪೆಟ್ರೋಲಿನ ಮತ್ತು ಬ್ರೇಕಿನ ಕೊಳವೆಗಳು ಹ್ಯಾಂಡ್‌ಬ್ರೇಕಿನ ಕೇಬಲ್ಲುಗಳು ಎಲ್ಲಿ ಹಾಯುತ್ತವೆಂದು ಗುರುತಿಸಿಕೊಂಡು, ಬೆಂಕಿ ಆರಿಸುವ ಸಾಧನ ಹಿಡಿದ ಇನ್ನೊಬ್ಬರನ್ನು ಕಾರಿನ ಬಳಿ ನಿಲ್ಲಿಸಿಕೊಳ್ಳುವುದು ಅತ್ಯವಶ್ಯ. ಮೊದಲು ಚುಕ್ಕೆ ಬೆಸುಗೆಯಿಂದ ಕೊಳವೆಗಳನ್ನು ನೆಲೆಗೊಳಿಸಿ, ಅನಂತರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಣ್ಣ ಸಣ್ಣ ಗೆರೆಗಳಲ್ಲಿ ಬೆಸೆಯುತ್ತ ಹೋದರೆ, ಕಾವಿನಿಂದ ತಗಡು ಸೊಟ್ಟಗಾಗುವುದು ತಪ್ಪುತ್ತದೆ. ಕೊನೆಯಲ್ಲಿ ಪ್ರೈಮರ್ ಮತ್ತು ಬಣ್ಣ ಹಚ್ಚದಿದ್ದರೆ ತುಕ್ಕು ಹಿಡಿಯುವುದು ಖಂಡಿತ.

ಕನೆಕ್ಟರಿನಿಂದ ಆಗದ ಕೆಲಸ

ಈ ಕೊಳವೆಗಳಿಂದ ಎಲ್ಲವೂ ಸರಿಹೋಗುವುದೆಂದು ಭಾವಿಸಬಾರದು. ಫಾಕ್ಸ್ ಮಸ್ಟಾಂಗಿನ ಹಿಂದಿನ ಅಚ್ಚನ್ನು ನಾಲ್ಕು ತೋಳುಗಳು ಹಿಡಿದಿರುತ್ತವೆ. ಆ ತೋಳುಗಳು ಮೈಗೆ ಕೂಡುವ ಸ್ಥಳಕ್ಕೆ ಟಾರ್ಕ್ ಬಾಕ್ಸ್ ಎಂದು ಹೆಸರು. ಬಲವಾದ ಎಂಜಿನ್ನಿನ ಸೆಳೆತಕ್ಕೆ ಅಲ್ಲಿನ ಸ್ಪಾಟ್ ವೆಲ್ಡಿಂಗ್ ಕಿತ್ತುಕೊಂಡು ಬರುವುದು ಆ ಕಾರಿನ ಪ್ರಸಿದ್ಧವಾದ ವ್ಯಾಧಿ. ಅದಕ್ಕೆ ಪ್ರತ್ಯೇಕವಾದ ಬಲವರ್ಧನೆಯೇ ಬೇಕು. ನೆಲದ ತಗಡು ತುಕ್ಕು ಹಿಡಿದು ಜಾಳಾಗಿದ್ದರೆ ಅದಕ್ಕೆ ಬೆಸೆದ ಕೊಳವೆಯಿಂದ ಪ್ರಯೋಜನವಿಲ್ಲ. ಮೊದಲು ತಗಡನ್ನು ದುರಸ್ತಿ ಮಾಡಿಸಬೇಕು. ಆರೋಗ್ಯವಾದ ಮೈಗೆ ಮಾತ್ರ ಈ ಔಷಧ ಹತ್ತುತ್ತದೆ.

ನಮ್ಮ ರಸ್ತೆ, ನಮ್ಮ ಕಾನೂನು

ತಗ್ಗಿಸಿದ ಕಾರಿನ ಆಸೆ ನಮ್ಮ ಊರುಗಳ ತರುಣರಲ್ಲಿಯೂ ಕಾಣಬರುತ್ತಿರುವುದರಿಂದ ಎರಡು ಮಾತು ಅವಶ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸಿರುವ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಮಂದವಾದ ಕಮಾನು. ಅಷ್ಟು ಅಗಲದ ಉಬ್ಬಿನ ಮೇಲೆ ಮುಂದಿನ ಹಿಂದಿನ ಚಕ್ರಗಳೆರಡೂ ಒಟ್ಟಿಗೆ ಏರಿ ನಿಲ್ಲುವುದರಿಂದ, ಮಸ್ಟಾಂಗಿನಷ್ಟು ಉದ್ದದ ಕಾರಿನ ನಡುಭಾಗದತ್ತ ಅದು ಚಾಚುವುದು 5 ಸೆಂಟಿಮೀಟರಿಗಿಂತ ತುಸು ಕಡಿಮೆ. ನಿಧಾನವಾಗಿ ಹೋದರೆ 10 ಸೆಂಟಿಮೀಟರ್ ಅಂತರದ ಕಾರೂ ಪಾರಾಗುತ್ತದೆ. ಆದರೆ ಅಷ್ಟೇ ಎತ್ತರಕ್ಕೆ ಗಿಡ್ಡ ಗೋಡೆಯಂತೆ ಕಟ್ಟಿದ ಕಿರಿದಾದ ಹಂಪು ಪೂರ್ತಿಯಾಗಿ ಚಕ್ರಗಳ ನಡುವೆ ನುಸುಳಿ ಕಾರಿನ ತಳಕ್ಕೆ ತಾಗುತ್ತದೆ. ನಮ್ಮ ಬೀದಿಗಳಲ್ಲಿ ಇಂತಹವಕ್ಕೇನೂ ಕೊರತೆಯಿಲ್ಲ.

ಎರಡನೆಯದು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ತಯಾರಕರು ಮೊದಲು ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ದೃಢವಾಗಿ ಎತ್ತಿಹಿಡಿಯಿತು. ವಾಹನದ ಶರೀರಕ್ಕೆ ಕೈಹಚ್ಚುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸಿಕೊಳ್ಳುವುದು ಕ್ಷೇಮಕರ.

ಕ್ರಮ ತಪ್ಪಬಾರದು

ಕಾರನ್ನು ತಗ್ಗಿಸುವವರಲ್ಲಿ ಬಹುಮಂದಿ ಮೊದಲು ಸ್ಪ್ರಿಂಗ್ ಕೊಳ್ಳುತ್ತಾರೆ, ಆಮೇಲೆ ಚಕ್ರ, ಕೊನೆಗೆ ಹಣ ಉಳಿದರೆ ಕನೆಕ್ಟರ್. ಈ ಅನುಕ್ರಮ ತಲೆಕೆಳಗಾಗಬೇಕು. ಮೊದಲು ತುಕ್ಕನ್ನೂ ಕಿತ್ತ ಬೆಸುಗೆಯನ್ನೂ ಪರೀಕ್ಷಿಸಿ ಸರಿಪಡಿಸಿರಿ; ಆಮೇಲೆ ನೆಲಕ್ಕೆ ಅಂಟಿ ನಿಲ್ಲುವ, ಸೀಟಿನ ಎಡೆಯಲ್ಲಿ ಕಟ್ಟಿಕೊಳ್ಳುವ, ಹೊಸ್ತಿಲಿಗಿಂತ ಕೆಳಗಿಳಿಯದ ಪೂರ್ಣೋದ್ದದ ಕನೆಕ್ಟರನ್ನು ಆರಿಸಿ, ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗ ಬಲ್ಲವರಿಂದ ಬೆಸೆಸಿರಿ; ಸ್ಪ್ರಿಂಗಿನ ಮಾತನ್ನು ಅನಂತರ ಎತ್ತಿರಿ. ತಳ ಗಟ್ಟಿಯಾದ ಮೇಲೆ ಕೊಂಡ ಸ್ಪ್ರಿಂಗ್ ಮಾತ್ರ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡುತ್ತದೆ.